ಫುಕಟ ಕುರ್ಚಿ

ವಿಮಾನದ ಟಿಕೆಟ್ಟನ್ನು ಈಗ ಇಡಿಯಾಗಿ ಮಾರುವುದಿಲ್ಲ, ಬಿಡಿಬಿಡಿಯಾಗಿ ಬಿಚ್ಚಿ ಮಾರುತ್ತಾರೆ. ಮೂಲ ದರ ಕೇಳಿದಾಗ ಗಿರಾಕಿಯ ಮುಖ ಅರಳುತ್ತದೆ. ಆಮೇಲೆ ಕಿಟಕಿ ಪಕ್ಕದ ಸೀಟಿಗೆ ಬೇರೆ, ಬ್ಯಾಗಿಗೆ ಬೇರೆ, ಉಪ್ಪಿಟ್ಟಿಗೆ ಬೇರೆ, ಸಾಲಿನಲ್ಲಿ ಮುಂದೆ ನಿಲ್ಲುವುದಕ್ಕೂ ಬೇರೆ ದರ. ಇದಕ್ಕೆಲ್ಲ ಕಂಪನಿಯವರು ಆ್ಯನ್ಸಿಲರಿ ಎಂದು ಚಂದದ ಹೆಸರಿಟ್ಟಿದ್ದಾರೆ. ಅರಳಿದ ಮುಖ ಬಾಡುವುದನ್ನು ದಿನಾ ನೋಡುವುದು ನನ್ನ ಹಣೆಬರಹ. ಇಷ್ಟರಲ್ಲೂ ಇನ್ನೂ ಕಾಸಿಲ್ಲದೆ ಫುಕಟ ಸಿಗುವುದು ಒಂದೇ, ಗಾಲಿಕುರ್ಚಿ.

ನನ್ನ ಹೆಸರು ಸುಶೀಲಕುಮಾರ. ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ, ತೊಗರಿ ದಲಾಲರ ಅಡತ್ ಅಂಗಡಿಗಳ ನಡುವೆ ನನ್ನದೊಂದು ಟ್ರಾವೆಲ್ಸ್. ಊರವರೆಲ್ಲ ಈಗ ಫೋನಿನಲ್ಲೇ ಟಿಕೆಟ್ ತೆಗೆಯುತ್ತಾರೆ, ಏನಾದರೂ ಕೆಟ್ಟಾಗ ಮಾತ್ರ ನನ್ನ ನೆನಪಾಗುತ್ತದೆ. ಮನೆ ಭಾಲ್ಕಿಯಲ್ಲಿ. ಬೆಳಿಗ್ಗೆ ರೈಲಿಗೆ ಬರುತ್ತೇನೆ, ಸಂಜೆ ರೈಲಿಗೆ ಹೋಗುತ್ತೇನೆ, ಅಂದರೆ ನಾನು ರಿಟರ್ನ್ ಟಿಕೆಟ್ಟಿನ ಮನುಷ್ಯ. ಲಾತೂರಿಗೆ ಕೆಲಸಕ್ಕೆಂದು ಹೋದ ಹೆಂಡತಿ ಮಾಯಾಳದು ಒನ್ ವೇ ಆಯಿತು. ಜಗಳವೇನೂ ಆಗಿರಲಿಲ್ಲ. ಜಗಳವಾಡುವಷ್ಟು ಮಾತೇ ನಮ್ಮ ನಡುವೆ ಉಳಿದಿರಲಿಲ್ಲ. ಮಧ್ಯಾಹ್ನ ಮನಸ್ಸಾದರೆ ಊಟ, ಇಲ್ಲದಿದ್ದರೆ ಚಹಾ.

ವಿಮಲಾಬಾಯಿ ಬಂದದ್ದು ಇಂಥ ಒಂದು ಚಹಾದ ಹೊತ್ತಿನಲ್ಲಿ. ಹಣೆಯಲ್ಲಿ ವಿಭೂತಿ, ಕಾಲಲ್ಲಿ ನರ್ಸುಗಳು ಹಾಕುವ ಬಿಳಿ ಬೂಟು. ಔರಾದಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಮದುವೆಯಾದವರಲ್ಲ.

“ಭೋಪಾಳಕ್ಕ ಹೋಗಿ ಬರೂದದರಿ,” ಎಂದರು. “ನಮ್ಮ ಖುರ್ಷಿದ ಬೇಗಂ ಅಲ್ಲಿ ಅದಾಳ. ಒಂದೇ ವಾರ್ಡಿನ್ಯಾಗ ಕೆಲಸ ಮಾಡೀವಿ, ಕ್ವಾರ್ಟರ್ಸಿನ್ಯಾಗ ನಡುವ ಒಂದೇ ಗ್ವಾಡಿ. ರಿಟೈರ್ ಆದಮ್ಯಾಗ ತಮ್ಮನ ಮನಿಗೆ ಹೋದ್ಳು. ಬಾ, ಬಾ ಅಂತಾಳ್ರಿ ಫೋನಿನ್ಯಾಗ.”

ಹೈದರಾಬಾದಿನಿಂದ ವಿಮಾನ. ಅವರು ಹಿಂದೆಂದೂ ಹತ್ತಿದವರಲ್ಲ. ಮೊದಲ ಸಲ ಒಬ್ಬರೇ ಹೋಗುವವರಿಗೆ ನಮ್ಮ ಧಂದೆಯವರು ಗಾಲಿಕುರ್ಚಿ ಹಾಕಿಬಿಡುತ್ತೇವೆ. ಕಾಲಿಗಾಗಿ ಅಲ್ಲ, ದಾರಿಗಾಗಿ. ಕುರ್ಚಿ ತಳ್ಳುವವನು ಬಾಗಿಲಿನಿಂದ ಸೀಟಿನ ತನಕ ತಾನೇ ಒಯ್ದು ಕೂರಿಸುತ್ತಾನೆ, ಬೋರ್ಡು ಓದುವ, ಗೇಟು ಹುಡುಕುವ ತಾಪತ್ರಯವಿಲ್ಲ. ಅದನ್ನೇ ಹೇಳಿದೆ. ಅವರಿಗೆ ಸಿಟ್ಟು ಬಂತು.

“ಯಾಕ್ರಿ, ನಾ ಏನ್ ಕುಂಟಿ ಇದ್ದೀನೇನ್ರಿ? ಅಂಥಾ ಕುರ್ಚಿ ತಳ್ಳೂದ್ರಾಗ ನನ್ನ ಜಲ್ಮ ಹೋಗ್ಯಾದ. ನಾ ಅದ್ರಾಗ ಕುಂದ್ರಬೇಕೇನ್ರಿ?”

“ಬ್ಯಾಡಂದ್ರ ಬ್ಯಾಡ್ರಿ,” ಎಂದೆ. ಅವರು ಬಗ್ಗಿ ಆಧಾರ್ ಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಸದ್ದಿಲ್ಲದೆ ಕಂಪ್ಯೂಟರಿನಲ್ಲಿ ಕುರ್ಚಿಯ ಗುಂಡಿ ಒತ್ತಿಬಿಟ್ಟೆ. ಪುಣ್ಯಕ್ಕೆಂದು ಮಾಡಿದ್ದಲ್ಲ. ಹಿಂದೊಮ್ಮೆ ಗಂಜಿನ ವ್ಯಾಪಾರಿಯೊಬ್ಬರು ತಪ್ಪು ಗೇಟಿನಲ್ಲಿ ನಿದ್ದೆ ಹೊಡೆದು ವಿಮಾನ ತಪ್ಪಿಸಿಕೊಂಡು, ಕಂಪನಿಯ ಭಾಷೆಯಲ್ಲಿ ನೋ ಷೋ ಆಗಿ, ಟಿಕೆಟ್ಟಿನ ದುಡ್ಡೆಲ್ಲ ಮುಳುಗಿ, ನನ್ನ ಅಂಗಡಿಯ ಮುಂದೆ ನಿಂತು ಊರಿಗೇ ಕೇಳುವಂತೆ ಬೈದಿದ್ದರು. ಮತ್ತೊಮ್ಮೆ ಬೈಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ಆ ಬಿಳಿ ಬೂಟುಗಳು ಮತ್ತೆ ನನ್ನ ಬಾಗಿಲು ದಾಟಿದವು. ಇವತ್ತು ನನ್ನ ಗ್ರಹಚಾರ ನೆಟ್ಟಗಿಲ್ಲ ಅಂದುಕೊಂಡೆ.

“ನಾ ಬ್ಯಾಡಂದಿದ್ದೆ. ನೀವು ಹಾಕೀರಿ,” ಎಂದರು ಕೂರುತ್ತ.

“ಹೂಂ ರಿ. ತಪ್ಪಾತ್ರಿ.”

ಬೈಗುಳ ಬರಲಿಲ್ಲ. ಸೆರಗಿನ ತುದಿ ಮಡಿಚುತ್ತ ನಡೆದದ್ದನ್ನು ಹೇಳಿದರು. ವಿಮಾನ ನಿಲ್ದಾಣದಲ್ಲಿ ಇವರ ಹೆಸರು ಕೂಗಿ ಕುರ್ಚಿ ತಂದವನೊಬ್ಬ ಜಹೀರಾಬಾದಿನ ಕಡೆಯ ಮನುಷ್ಯ, ಮೀಸೆ ನರೆತವನು. ಇವರು ಜಗಳ ತೆಗೆದರೂ ನಕ್ಕು, ಹೆಸರು ಬಂದಿದೆ ಕೂತುಕೊಳ್ಳಿ ಅಮ್ಮಾ ಅಂದನಂತೆ. ಸೆರಗು ಗಾಲಿಗೆ ಸಿಗದ ಹಾಗೆ ಎತ್ತಿ ಮಡಿಲಲ್ಲಿಟ್ಟನಂತೆ. ಇಳಿಜಾರಿನಲ್ಲಿ ಇವರು ಮುಂದಕ್ಕೆ ಜಾರದಿರಲೆಂದು ಭುಜದ ಮೇಲೆ ಕೈಯಿಟ್ಟು ಹಿಡಿದನಂತೆ.

“ಖಾನಾ ಖಾಯೆ ಕ್ಯಾ ಅಮ್ಮಾ ಅಂತ ಕೇಳ್ದರಿ. ಉಂಡೀನಿ ಅಂದೆ. ಉಂಡಿದ್ದಿಲ್ಲ. ಕಣ್ಣಾಗ ನೀರು ಬಂತು ನೋಡ್ರಿ. ವಾರ್ಡಿನ್ಯಾಗ ಎಷ್ಟು ಮಂದಿಗಿ ಆ ಮಾತು ಕೇಳೀನಿ. ನನಗ ಯಾರೂ ಕೇಳಿದ್ದಿಲ್ರಿ.”

“ಖುರ್ಷಿದ ಬೇಗಂ ಹ್ಯಾಂಗ ಅದಾರ್ರಿ?” ಎಂದೆ.

“ಚಂದ ಅದಾಳ್ರಿ. ಮನಿ ತುಂಬ ಮಂದಿ, ತಮ್ಮನ ಮೊಮ್ಮಕ್ಕಳು. ನನ್ನ ಸಲುವಾಗಿ ಹೊಸಾ ಗಡಿಗಿ ತರಸಿ ಬ್ಯಾಳಿ ಮಾಡಸಿದ್ಳು. ಕುಂತು ಮಾತಾಡ್ಲಾಕ ಆಕಿಗಿ ಪುರಸೊತ್ತಿಲ್ಲ. ನಾ ಈಗ ಆಕಿಗಿ ಬೀಗರಾಂಗ ಆಗೀನ್ರಿ.” ಅಷ್ಟು ಹೇಳಿ ಚೀಲದಿಂದ ಆಧಾರ್ ಕಾರ್ಡು ತೆಗೆದು ನನ್ನ ಮುಂದಿಟ್ಟರು. “ಇನ್ನೊಂದು ಟಿಕೇಟ್ ತೆಗೀರಿ.”

“ಎಲ್ಲಿಗ್ರಿ?”

“ಎಲ್ಲಿಗಾದ್ರೂ ತೆಗೀರಿ, ಸಸ್ತಾ ಇದ್ದಲ್ಲಿಗಿ. ಕುರ್ಚಿ ಹಾಕೂದು ಮರೀಬ್ಯಾಡ್ರಿ.”

ಬೇರೆ ಯಾವ ಏಜೆಂಟನಾದರೂ ಕುಣಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟು ಎಂದು ಆಗ ನನಗೇ ಗೊತ್ತಿರಲಿಲ್ಲ.

“ಅಕ್ಕಾರ, ನೀವೇ ನರ್ಸ್ ಇದ್ದವರು,” ಎಂದೆ. “ಅಲ್ಲಿ ಕುರ್ಚಿ ಇರೂದು ಒಂದಿಷ್ಟೇ. ನೀವು ಕುಂತ್ರ ಖರೇ ಕಾಲಿಲ್ಲದಾಕಿ ಒಬ್ಬಾಕಿ ಬಾಗಲಾಗ ಕಾಯ್ತಾಳ. ತಿಳೀತದಿಲ್ಲರಿ?”

ಅವರು ಬಿಳಿ ಬೂಟುಗಳನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡರು. “ಅದು ನನಗೂ ಗೊತ್ತದರಿ,” ಎಂದರು.

ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದೆ. ಗಾಲಿಕುರ್ಚಿ ಏಕೆ ಬೇಕು ಎಂದು ಅದು ಕೇಳುತ್ತದೆ: ದೂರ ನಡೆಯಲಾಗದು, ಮೆಟ್ಟಿಲು ಹತ್ತಲಾಗದು, ಸೀಟಿನ ತನಕ ಎತ್ತಿಕೊಂಡೇ ಹೋಗಬೇಕು. ಒಂದೊಂದಾಗಿ ಓದಿ ಹೇಳಿದೆ. “ಇದ್ರಾಗ ನಿಮ್ಮದು ಯಾವುದ್ರಿ?”

ಅವರು ಪರದೆಯನ್ನೇ ನೋಡಿದರು. “ಒಬ್ಬಾಕಿಗೇ ನಡೀಲಾಕ ಆಗಲ್ಲ ಅಂತ ಅದೇನ್ರಿ ಅದ್ರಾಗ?”

“ಇಲ್ರಿ.”

“ಇಲ್ಲಾಂದ್ರ ಬಿಡ್ರಿ,” ಎಂದು ಕಾರ್ಡು ಎತ್ತಿಕೊಂಡು ಎದ್ದು ಹೋದರು.

ಅಂಗಡಿ ಮತ್ತೆ ಖಾಲಿಯಾಯಿತು. ಊಟದ ಬದಲು ತರಿಸಿದ್ದ ಚಹಾ ಆರಿ ಕೆನೆ ಕಟ್ಟಿತ್ತು. ನಾಚಿಕೆಯಾಯಿತು ನನಗೆ. ಕಾಲಿಲ್ಲದವರ ಪರವಾಗಿ ಮಾತಾಡಿದೆ ನಿಜ, ಆದರೆ ಸಿಟ್ಟು ಬಂದದ್ದು ಅವರಿಗಾಗಿ ಅಲ್ಲ. ಒಂಟಿಯಾಗಿದ್ದೇನೆ ಎಂದು ಇಷ್ಟು ಸರಳವಾಗಿ ಬಾಯಿಬಿಟ್ಟು ಹೇಳಬಹುದು ಎಂಬುದೇ ನನ್ನನ್ನು ಕೆಣಕಿತ್ತು. ಭಾಲ್ಕಿಯ ಆ ಮನೆಯಲ್ಲಿ ಟಿವಿ ಹಚ್ಚಿ ಬೇರೆ ಕೋಣೆಯಲ್ಲಿ ಕೂರುವ ನಾನು ಯಾರಿಗೂ ಅದನ್ನು ಹೇಳಿದವನಲ್ಲ.

ಹೊರಗೆ ಬಂದು ಶಟರ್ ಎಳೆದು ಓಡಿದೆ. ತೊಗರಿ ಇಳಿಸುವ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ವಿಮಲಾಬಾಯಿ ಅದರ ಹಿಂದೆ ಕಾಯುತ್ತಿದ್ದರು.

“ಬರ್ರಿ, ಬಸ್ ಸ್ಟ್ಯಾಂಡ್ ತನಕ ನಾನೂ ಬರ್ತೇನಿ.”

“ದುಕಾನ?”

“ಅದು ಎಲ್ಲಿ ಹೋಗ್ತದ, ಅಲ್ಲೇ ಇರ್ತದ.”

ಅವರ ನಡಿಗೆ ಏನು ಜೋರು! ಕೂತು ಕೂತು ಹೊಟ್ಟೆ ಬೆಳೆಸಿದ ನಾನು ಏದುಸಿರು ಬಿಡುತ್ತಿದ್ದೆ. ಅದನ್ನು ಕಂಡು ಅವರೇ ನಿಧಾನ ಮಾಡಿದರು. ಹಿಂದಿನಿಂದ ಕೈಗಾಡಿ ಬಂದಾಗ ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು. ಆ ಹಿಡಿತ ಅಭ್ಯಾಸದ ಹಿಡಿತ, ಗಟ್ಟಿ.

ಔರಾದಿನ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತರು.

“ಮತ್ತ ಬರ್ರಿ ಅಕ್ಕಾರ,” ಎಂದೆ. “ಟಿಕೇಟ್ ಇಲ್ಲಾಂದ್ರೂ ಬರ್ರಿ.”

ಅವರು ನನ್ನ ಮುಖವನ್ನು ನೋಡಿದರು, ವಾರ್ಡಿನಲ್ಲಿ ರೋಗಿಯನ್ನು ನೋಡುವ ಹಾಗೆ, ಅವಸರವಿಲ್ಲದೆ.

“ಊಟ ಆತೇನ್ರಿ ನಿಮ್ಮದು?”

“ಆತ್ರಿ,” ಎಂದೆ. ಆಗಿರಲಿಲ್ಲ.

ಬಸ್ಸು ಹೊರಟಾಗ ವಿಮಲಾಬಾಯಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಸುಳ್ಳು ಹೇಳಬ್ಯಾಡ್ರಿ,” ಎಂದು ಕೂಗಿದರು. “ಹೋಗಿ ಉಣ್ರಿ ಮೊದಲ.”