ಬಿಸಿಯೂಟದ ಸಾಲಿನಲ್ಲಿ ಗಂಜಿ ಡಬ್ಬಿ

ಮಕ್ಕಳ ಮೈಮೇಲೆ ಗಂಧೆ ಎದ್ದರೆ ನಮ್ಮ ಕಡೆ ಹೆಂಗಸರ ಬಾಯಿಗೆ ಮೊದಲು ಬರುವುದು ಒಂದೇ ಮಾತು: "ನಂಜಿಂದು ಎಂತ ತಿಂದ್ಯೇ?" ಬದನೆಕಾಯಿ ನಂಜು, ಕುಂಬಳಕಾಯಿ ನಂಜು. ಒಬ್ಬರ ಮನೆಯ ನಂಜು ಇನ್ನೊಬ್ಬರ ಮನೆಯಲ್ಲಿ ಹಬ್ಬದಡುಗೆ.

ನಿಟ್ಟೂರಿನ ಹೂವಮ್ಮನ ಮನೆಯಲ್ಲೂ ಆ ಮಳೆಗಾಲ ಇದೇ ಮಾತು. ಮಗಳು ಪ್ರೇರಣಾ ಆಗ ಎಂಟನೇ ತರಗತಿ. ಮಳೆ ಶುರುವಾದ ಮೇಲೆ ಆಗಾಗ ಮೈಮೇಲೆ ಕೆಂಪು ಗಂಧೆ ಏಳುತ್ತಿತ್ತು, ತುರಿಕೆ ತಡೆಯಲಾರದೆ ಹುಡುಗಿ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಿದ್ದಳು. ಬದನೆಕಾಯಿ ಬಿಡಿಸಿದರು, ಕುಂಬಳಕಾಯಿ ಬಿಡಿಸಿದರು. ಗಂಧೆ ಹೋಗಲಿಲ್ಲ. ಮೊದಲ ಮಳೆಗೆ ಗದ್ದೆಯ ಬದುವಿನಲ್ಲಿ ಏಡಿ ಹಿಡಿಯುವುದೆಂದರೆ ಹೂವಮ್ಮನ ಗಂಡ ಹುಲಿಯಪ್ಪನಿಗೆ ಹಬ್ಬ. ಥಂಡಿಗೆ ಏಡಿ ಸಾರಿನಂಥ ಮದ್ದಿಲ್ಲ ಎಂಬುದು ಆ ಮನೆಯ ನಂಬಿಕೆ. ಹಾಗಾಗಿ ಏಡಿಯನ್ನು ಯಾರೂ ನಂಜಿನ ಲೆಕ್ಕಕ್ಕೆ ಸೇರಿಸಲಿಲ್ಲ.

ಹೂವಮ್ಮ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವಳು. ಯಾವ ಮಗು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬರುತ್ತದೆ, ಯಾವ ಮಗು ಸಾರಿನೊಳಗಿನ ಕ್ಯಾರೆಟ್ಟನ್ನು ತಟ್ಟೆಯ ಅಂಚಿಗೆ ಸರಿಸುತ್ತದೆ, ಎಲ್ಲ ಅವಳಿಗೆ ಗೊತ್ತು. "ಹೂವಕ್ಕಾ, ಇನ್ನೊಂದ್ ಸೌಟು" ಎಂದು ಮಕ್ಕಳು ಕೂಗಿದರೆ ಅವಳ ಹೊಟ್ಟೆ ತುಂಬುತ್ತಿತ್ತು. ಊರಿನ ಮಕ್ಕಳಿಗೆಲ್ಲ ಬಡಿಸುವ ತನಗೆ ತನ್ನ ಮಗಳ ಮೈಗೆ ಏನಾಗಿದೆ ಎಂದು ತಿಳಿಯಲಿಲ್ಲವಲ್ಲ ಎಂಬ ಕೊರಗು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ದೀಪಾವಳಿ ಕಳೆದ ಮೇಲೆ ಮೈಕ್ ಕಟ್ಟಿದ ಗಾಡಿಯೊಂದು ಊರಿಗೆ ಬಂತು. ಸಾಗರದ ಕಲ್ಯಾಣ ಮಂಟಪದಲ್ಲಿ ಸಮಗ್ರ ಆರೋಗ್ಯ ಶಿಬಿರ, ಯಾವ ಆಹಾರ ನಿಮ್ಮ ದೇಹಕ್ಕೆ ಒಗ್ಗುವುದಿಲ್ಲ ಎಂದು ಸೂಜಿ ಚುಚ್ಚದೆ ಕ್ಷಣದಲ್ಲಿ ತಿಳಿಯಿರಿ ಎಂದು ಸಾರಿತು. ಹೂವಮ್ಮ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಬಿಳಿ ಕೋಟು ಹಾಕಿದವನೊಬ್ಬ ಪ್ರೇರಣಾಳ ಕೈಗೆ ಹಿತ್ತಾಳೆಯ ಸಲಾಕೆ ಕೊಟ್ಟ. ಕಂಪ್ಯೂಟರು ಕುಂಯ್ ಎಂದಿತು. ಪರದೆಯ ಮೇಲೆ ಕೆಂಪು ಗೆರೆಗಳು ಎದ್ದವು.

"ಹಾಲು, ಮೊಟ್ಟೆ, ಶೇಂಗಾ, ಗೋಧಿ, ತೊಗರಿಬೇಳೆ, ಬಾಳೆಹಣ್ಣು, ಸೊಪ್ಪು. ಇದೆಲ್ಲ ಮಗಳ ಮೈಗೆ ನಂಜು ಅಮ್ಮ. ಮಷಿನ್ನು ಸುಳ್ಳು ಹೇಳಲ್ಲ."

ಅವನ ಬಾಯಿಂದ ನಂಜು ಎಂಬ ಮಾತು ಬಂದದ್ದೇ ಹೂವಮ್ಮನಿಗೆ ಪೂರ್ತಿ ನಂಬಿಕೆ ಬಂತು. ಸತ್ತುಹೋದ ಅತ್ತೆ ಹೇಳುತ್ತಿದ್ದುದನ್ನೇ ಈ ಕಂಪ್ಯೂಟರೂ ಹೇಳುತ್ತಿದೆ!

"ಮತ್ತೆಂತ ಕೊಡ್ಲಿ ಸಾರ್?"

"ಅಕ್ಕಿ ಗಂಜಿ, ಸೌತೆಕಾಯಿ, ಸೋರೆಕಾಯಿ. ಜೊತೆಗೆ ನಮ್ಮ ಕಂಪನಿಯ ಶಕ್ತಿ ಪುಡಿ."

ಊರಿಗೆ ಮರಳಿದವಳು ಮನೆಗೂ ಹೋಗದೆ ಚೌಡಮ್ಮನ ಬನದಲ್ಲಿ ನಿಂತು ಕೈಮುಗಿದಳು. "ತಾಯಿ, ಬರೋ ದೀಪಾವಳಿವರೆಗೆ ಈ ಪಥ್ಯ ಮುರಿಯಲ್ಲ. ಅವಳು ತಿನ್ನದ್ದು ನಾನೂ ತಿನ್ನಲ್ಲ. ನನ್ನ ಮಗಳ ಮೈ ಹಸನು ಮಾಡು." ಚೌಡಮ್ಮನ ಮುಂದೆ ನುಡಿದ ಮೇಲೆ ಅದು ಬರೀ ಪಥ್ಯವಾಗಿ ಉಳಿಯುವುದಿಲ್ಲ, ಹರಕೆಯಾಗುತ್ತದೆ. ಮುರಿದರೆ ಮನೆಗೆ ಕೇಡು.

ಗಂಧೆ ನಿಂತೇಬಿಟ್ಟಿತು. ಚಳಿಗಾಲವಿಡೀ ಒಂದೂ ಏಳಲಿಲ್ಲ. ಇನ್ನೇನು ಬೇಕು ಸಾಕ್ಷಿ?

ಅಂದಿನಿಂದ ಮಧ್ಯಾಹ್ನದ ಊಟದ ಸಾಲಿನಲ್ಲಿ ಒಂದು ವಿಚಿತ್ರ ಕಾಣಿಸತೊಡಗಿತು. ಎಲ್ಲ ಮಕ್ಕಳ ಮುಂದೆ ಬಿಸಿ ಅನ್ನ, ಬೇಳೆ ಸಾರು, ಸುಲಿದ ಮೊಟ್ಟೆ. ಸಾಲಿನ ಕೊನೆಯಲ್ಲಿ ಅಡುಗೆಯವಳ ಮಗಳು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ತಣ್ಣಗಿನ ಗಂಜಿ ಉಣ್ಣುತ್ತಿದ್ದಳು. ಹೂವಮ್ಮ ಸೌಟು ಹಿಡಿದು ಸಾಲಿನುದ್ದಕ್ಕೂ ಬರುವಳು, ಮಗಳ ಮುಂದೆ ಬಂದಾಗ ಮುಖ ಆಚೆ ಮಾಡಿಕೊಂಡು ದಾಟುವಳು.

ಜೊತೆಯಲ್ಲಿ ಅಡುಗೆ ಮಾಡುವ ದುಗ್ಗಮ್ಮನಿಗೆ ಇದನ್ನು ನೋಡಲಾಗುತ್ತಿರಲಿಲ್ಲ.

"ಅಲ್ಲ ಮಾರಾಯ್ತಿ, ಆ ಮಷಿನ್ನಿಗೆ ಗಂಜಿ ಒಂದೇ ಸೇರೋದಾ? ಅದಕ್ಕೆ ಹಲ್ಲಿಲ್ಲ ಕಾಣ್ತದೆ!"

"ನಗಬ್ಯಾಡ ದುಗ್ಗಕ್ಕ. ಗಂಧೆ ನಿಂತಿಲ್ವಾ?"

"ಗಂಧೆ ನಿಂತ್ತು, ಹುಡುಗಿ ಬೆಳೆಯೋದೂ ನಿಂತ್ತಲ್ಲೇ. ಜಡೆ ನೋಡು, ಇಲಿ ಬಾಲ ಆಗಿದೆ. ನೀನೂ ಹಂಗೇ, ಕೊಡ ಎತ್ತಿದ್ರೆ ಏದುಸಿರು ಬಿಡ್ತೀಯ. ಒಂದ್ಸಲ ಹೊಸನಗರಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸು."

"ಡಾಕ್ಟ್ರು ಎಂತ ಹೇಳ್ತಾರೆ, ಎಲ್ಲಾ ತಿನ್ನು ಅಂತಾರೆ. ತಿಂದು ಗಂಧೆ ಎದ್ರೆ ಅವ್ರು ಬಂದು ತುರಿಸ್ತಾರಾ?"

ದುಗ್ಗಮ್ಮ ಬೇಳೆ ತೊಳೆಯತೊಡಗಿದಳು. ಅವಳಿಗೂ ಖಚಿತವಾಗಿ ಏನೂ ಗೊತ್ತಿರಲಿಲ್ಲ. ಮಗು ಸೊರಗುತ್ತಿದೆ ಎಂಬುದಷ್ಟೇ ಕಣ್ಣಿಗೆ ಕಾಣುತ್ತಿತ್ತು.

ಒಂದು ದಿನ ಊಟದ ಪಾತ್ರೆಗಳನ್ನು ತೊಳೆಯಲು ಹಿಂದಕ್ಕೆ ಹೋದ ಹೂವಮ್ಮ ಉಗ್ರಾಣದ ಗೋಡೆಯ ಮರೆಯಲ್ಲಿ ಪ್ರೇರಣಾಳನ್ನು ಕಂಡಳು. ಗೆಳತಿಯೊಬ್ಬಳು ತನ್ನ ಪಾಲಿನ ಶೇಂಗಾ ಚಿಕ್ಕಿಯನ್ನು ಮುರಿದು ಕೊಟ್ಟಿದ್ದಳು. ಹುಡುಗಿ ಅದನ್ನು ಬಾಯೊಳಗೆ ಇಟ್ಟುಕೊಂಡು, ಅಗಿದರೆ ಸದ್ದಾದೀತೆಂದು ಹೆದರಿ ಸುಮ್ಮನೆ ಚೀಪುತ್ತಿದ್ದಳು.

"ಉಗಿ! ಉಗಿಯೇ ಮೊದ್ಲು! ಚೌಡಮ್ಮನ ಹರಕೆ ಅದು!" ಹೂವಮ್ಮ ಮಗಳ ಕತ್ತು ಬಗ್ಗಿಸಿ, ಬಾಯೊಳಗೆ ಬೆರಳು ಹಾಕಿ, ಚಿಕ್ಕಿಯನ್ನು ಕೆದಕಿ ತೆಗೆದಳು. ಬೆಲ್ಲದ ಎಂಜಲು ಅವಳ ಬೆರಳಿಗೆ ಅಂಟಿಕೊಂಡಿತು. ಪ್ರೇರಣಾ ಅಳಲಿಲ್ಲ. ಬಾಯಿ ಮುಕ್ಕಳಿಸಿ ತರಗತಿಗೆ ಹೋದಳು. ಅಂದಿನಿಂದ ಅವಳು ಕದ್ದೂ ತಿನ್ನಲಿಲ್ಲ, ಕೇಳಿಯೂ ತಿನ್ನಲಿಲ್ಲ. ಖೊಖೊ ತಂಡದಿಂದ ಹೆಸರು ಬಿಟ್ಟುಹೋದಾಗಲೂ, "ಓಡಿದ್ರೆ ಕಣ್ಣು ಕತ್ತಲೆ ಬರ್ತದೆ" ಎಂದಷ್ಟೇ ಹೇಳಿದಳು.

ಬೇಸಿಗೆಗೆ ಮುಂಚೆ ಆರೋಗ್ಯ ಇಲಾಖೆಯ ತಂಡ ಶಾಲೆಗೆ ಬಂದು ಮಕ್ಕಳ ತೂಕ, ಎತ್ತರ ನೋಡಿತು, ರಕ್ತ ಪರೀಕ್ಷೆ ಮಾಡಿತು. ಆ ದಿನ ಹೂವಮ್ಮ ಮಗಳನ್ನು ಮನೆಯಲ್ಲೇ ಉಳಿಸಿದಳು. ಹರಕೆ ಮುರಿಯುವಂತೆ ಯಾರಾದರೂ ಹೇಳಿಬಿಟ್ಟರೆ ಎಂಬ ಭಯ ಅವಳದು.

ಮತ್ತೆ ಮಳೆಗಾಲ ಬಂತು. ಪ್ರೇರಣಾ ಒಂಬತ್ತನೇ ತರಗತಿ ಸೇರಿದ್ದಳು. ಒಂದು ಭಾನುವಾರ ಹುಲಿಯಪ್ಪ ಗದ್ದೆಯಿಂದ ಏಡಿ ತಂದ. ಹೂವಮ್ಮ ಯೋಚಿಸಿದಳು. ಹಾಲಿಲ್ಲ, ಮೊಟ್ಟೆಯಿಲ್ಲ, ಮಗುವಿಗೆ ಶಕ್ತಿಯಾದರೂ ಎಲ್ಲಿಂದ ಬರಬೇಕು? ಮಷಿನ್ನು ಹೇಳಿದ್ದರಲ್ಲಿ ಏಡಿ ಇರಲಿಲ್ಲ. ಹರಕೆಗೂ ಅಡ್ಡಿಯಿಲ್ಲ. ಮೆಣಸು, ಬೆಳ್ಳುಳ್ಳಿ ಅರೆದು ಸಾರು ಮಾಡಿದಳು. ತಿಂಗಳುಗಳ ನಂತರ ಮಗಳ ಗಂಜಿಗೆ ಏನಾದರೂ ರುಚಿಯಾದದ್ದನ್ನು ಬಡಿಸುವ ಸಂತೋಷ ಅವಳ ಕೈಯಲ್ಲಿತ್ತು. "ಉಣ್ಣು ಮಗಾ, ಮೈಗೆ ಒಳ್ಳೇದು" ಎಂದು ಎರಡನೇ ಸಲವೂ ಬಡಿಸಿದಳು.

ಕೈ ತೊಳೆಯುವಷ್ಟರಲ್ಲಿ ಪ್ರೇರಣಾಳ ತುಟಿ ಊದಿಕೊಂಡಿತು. ಮೈತುಂಬ ಗಂಧೆ ಎದ್ದಿತು. "ಅಮ್ಮಾ, ಉಸ್ರು..." ಎಂದವಳ ಗಂಟಲಿನಿಂದ ಸೀಟಿಯಂಥ ಸದ್ದು ಬಂತು.

ಪಕ್ಕದ ಮನೆಯವರು ಹುಣಸೆಹಣ್ಣಿನ ನೀರು ಕುಡಿಸಿ ಎಂದರು. ದುಗ್ಗಮ್ಮ ಓಡಿ ಬಂದವಳೇ, "ಎಂತ ನೀರೂ ಬ್ಯಾಡ, ಗಾಡಿ ತೆಗಿಯೋ ಹುಲಿಯಪ್ಪ" ಎಂದು ಕೂಗಿದಳು. ಹುಲಿಯಪ್ಪನ ಲಗೇಜ್ ಆಟೋದಲ್ಲಿ ಹೊಸನಗರದ ಆಸ್ಪತ್ರೆ ಮುಟ್ಟುವವರೆಗೆ ಹೂವಮ್ಮ ಮಗಳ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅವಳ ಹರಕೆ, ಪಥ್ಯ, ದೇವರು ಯಾವುದೂ ನೆನಪಿಗೆ ಬರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಅಮಿತಾ ನೋಡಿದ ಕೂಡಲೇ ತೊಡೆಗೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಪ್ರೇರಣಾಳನ್ನು ಅಲ್ಲೇ ಉಳಿಸಿಕೊಂಡರು. ಮಾರನೆಯ ಬೆಳಿಗ್ಗೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ತೂಕ ನೋಡಿದರು. ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಹೂವಮ್ಮನ ಕಡೆ ತಿರುಗಿದರು.

"ರಕ್ತ ತುಂಬ ಕಡಿಮೆ ಇದೆ ಅಮ್ಮ. ಏನು ಊಟ ಕೊಡ್ತಿದ್ರಿ?"

ಹೂವಮ್ಮ ಹೇಳಿದಳು. ಸಲಾಕೆ, ಕುಂಯ್ ಎಂದ ಕಂಪ್ಯೂಟರು, ಗಂಜಿ ಎಲ್ಲವನ್ನೂ. ಡಾಕ್ಟರು ಬೈಯಲಿಲ್ಲ.

"ಗಂಧೆ ಏಳೋ ಮುಂಚೆ ಏನು ತಿಂದಿದ್ಲು ಅಂತ ಅವರು ಕೇಳಿದ್ರಾ?"

"ಇಲ್ಲ ಮೇಡಂ."

"ಮೊದಲು ಕೇಳಬೇಕಾದ್ದು ಅದು. ಸಲಾಕೆ ಹಿಡಿಸಿಯೋ, ಕೂದಲು ಕಿತ್ತೋ ಯಾವ ಆಹಾರ ಆಗಲ್ಲ ಅಂತ ಹೇಳೋದಕ್ಕೆ ಬರಲ್ಲ. ಹೋದ ಮಳೆಗಾಲದಲ್ಲೂ ಏಡಿ ತಿಂದಿದ್ಲಾ?"

ಬಾಗಿಲ ಬಳಿ ನಿಂತಿದ್ದ ಹುಲಿಯಪ್ಪ ತಲೆ ತಗ್ಗಿಸಿದ. "ಹಿಡ್ಕಂಡು ಬಂದಾಗೆಲ್ಲ ತಿಂದಿದ್ಲು. ನಾನೇ ಆರಿಸಿ ದೊಡ್ಡದು ಕೊಡ್ತಿದ್ದೆ."

"ಮಳೆಗಾಲ ಮುಗೀತು, ಏಡಿ ನಿಂತ್ತು, ಗಂಧೆಯೂ ನಿಂತ್ತು. ನೀವು ಅದನ್ನ ಪಥ್ಯದ ಫಲ ಅಂದ್ಕೊಂಡ್ರಿ. ಅವಳಿಗೆ ಆಗದೇ ಇರೋದು ಏಡಿ ಅಂತ ನನ್ನ ಅನುಮಾನ. ಶಿವಮೊಗ್ಗಕ್ಕೆ ಬರೆದುಕೊಡ್ತೀನಿ, ಅಲ್ಲಿ ತಜ್ಞರು ಸರಿಯಾದ ಪರೀಕ್ಷೆ ಮಾಡ್ತಾರೆ. ಅಲ್ಲಿವರೆಗೆ ಏಡಿ, ಸೀಗಡಿ ಮುಟ್ಟೋ ಹಾಗಿಲ್ಲ. ಶಿಬಿರಕ್ಕೆ ಮೊದಲು ಹಾಲು, ಮೊಟ್ಟೆ, ಬೇಳೆ, ಸೊಪ್ಪು ತಿಂದು ಏನಾದ್ರೂ ಆಗಿತ್ತಾ?"

ಹೂವಮ್ಮ ನೆನಪು ಮಾಡಿಕೊಂಡಳು. ಶಾಲೆ ಸೇರಿದಾಗಿನಿಂದ ಪ್ರೇರಣಾ ದಿನವೂ ಅದನ್ನೆಲ್ಲ ತಿಂದವಳೇ. ಬಡಿಸಿದವಳು ತಾನೇ. "ಎಂತದೂ ಆಗಿರ್ಲಿಲ್ಲ" ಎಂದಳು. ಆ ಮಾತು ಹೇಳುವಾಗ ಅವಳ ಬೆರಳಿಗೆ ಮತ್ತೆ ಬೆಲ್ಲ ಅಂಟಿದಂತಾಯಿತು.

"ಹಾಗಾದ್ರೆ ಅದನ್ನೆಲ್ಲ ಮತ್ತೆ ಶುರು ಮಾಡಿ. ಕಬ್ಬಿಣದ ಮಾತ್ರೆ ಕೊಡ್ತೀನಿ. ನಿಮ್ಮ ರಕ್ತವನ್ನೂ ನೋಡ್ಬೇಕು, ನಿಮ್ಮ ಕಣ್ಣೂ ಬಿಳಿಚಿದೆ."

"ಅವಳು ಮೊದ್ಲಿನ ಹಂಗೆ ಆಗ್ತಾಳಾ ಮೇಡಂ?"

ಡಾಕ್ಟರು ಮಾತ್ರೆಯ ಚೀಟಿ ಬರೆಯುತ್ತ ಹೇಳಿದರು. "ರಕ್ತ ಬರತ್ತೆ, ತೂಕ ಬರತ್ತೆ. ಇದು ಬೆಳೆಯೋ ವಯಸ್ಸು. ಹೋದ ತಿಂಗಳುಗಳಲ್ಲಿ ಬೆಳೀಬೇಕಾಗಿದ್ದ ಎತ್ತರ ಪೂರ್ತಿ ಸಿಗತ್ತೋ ಇಲ್ವೋ, ನಾನು ಮಾತು ಕೊಡಲಾರೆ."

ಮನೆಗೆ ಬಂದ ಮೇಲೂ ಹೂವಮ್ಮನಿಗೆ ಹರಕೆಯ ಹೆದರಿಕೆ ಬಿಡಲಿಲ್ಲ. ಮೊಟ್ಟೆ ಬೇಯಿಸಲು ನೀರಿಟ್ಟು, ಒಲೆ ಹೊತ್ತಿಸದೆ ಕೂತಳು. ದುಗ್ಗಮ್ಮ ಬಂದು ಪಕ್ಕದಲ್ಲಿ ಕುಳಿತಳು.

"ಚೌಡಮ್ಮನೂ ತಾಯೇ ಅಲ್ವೇನೇ? ಮಗು ಸೊರಗಿದ್ರೆ ಅವಳಿಗೆಂತ ಹೊಟ್ಟೆ ತುಂಬ್ತದಾ? ತಪ್ಪುಕಾಣಿಕೆ ಇಟ್ಟು ಕೈಮುಗಿ. ನಡಿ, ನಾನೂ ಬರ್ತೀನಿ. ಬೈದ್ರೆ ಇಬ್ಬರಿಗೂ ಬೈಲಿ."

ಇಬ್ಬರೂ ಹೋಗಿ ಬನದ ಕಲ್ಲಿನ ಮುಂದೆ ತಪ್ಪುಕಾಣಿಕೆ ಇಟ್ಟರು. ಹೂವಮ್ಮ ಮನೆಗೆ ಬಂದು ಒಲೆ ಹೊತ್ತಿಸಿದಳು. ಮೊಟ್ಟೆ ಸುಲಿದು, ಉಪ್ಪು ಸವರಿ ಮಗಳ ಕೈಗೆ ಕೊಟ್ಟಳು.

ಪ್ರೇರಣಾ ಬಹಳ ಹೊತ್ತು ಅದನ್ನು ನೋಡಿದಳು. ಒಂದು ಚೂರು ಕಚ್ಚಿದಳು. ಅಗಿಯಲಿಲ್ಲ. ಬಾಯೊಳಗೆ ಇಟ್ಟುಕೊಂಡು ಅಮ್ಮನ ಮುಖ ನೋಡಿದಳು.

"ಉಗೀಬೇಕಾ ಅಮ್ಮ?"

ಹೂವಮ್ಮ ಬೇಡ ಎಂದು ತಲೆಯಾಡಿಸಿದಳು. ಮಗಳು ನಂಬಲಿಲ್ಲ, ಹಾಗೇ ನೋಡುತ್ತಿದ್ದಳು. ಆಗ ಹೂವಮ್ಮ ಅವಳ ಕೈಯಿಂದ ಅರ್ಧ ಮೊಟ್ಟೆ ಮುರಿದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಮಗಳು ಕಾಣುವಂತೆ ಅಗಿದಳು. ಮಗಳು ಕಾಣುವಂತೆ ನುಂಗಿದಳು. ಪ್ರೇರಣಾ ಮೆಲ್ಲಗೆ ಅಗಿಯತೊಡಗಿದಳು.

ಈಗ ಸಾಲಿನ ಕೊನೆಯಲ್ಲಿ ಗಂಜಿ ಡಬ್ಬಿಯಿಲ್ಲ. ಹುಲಿಯಪ್ಪ ಏಡಿ ಹಿಡಿಯಲು ಹೋಗುವುದಿಲ್ಲ. ಶಿವಮೊಗ್ಗದ ಪರೀಕ್ಷೆಯೂ ಏಡಿಯೇ ಎಂದು ಹೇಳಿತು. ತಪಾಸಣೆಯ ತಂಡ ಶಾಲೆಗೆ ಬರುವ ದಿನ ಹೂವಮ್ಮ ತಾನೇ ಮನೆಮನೆಗೆ ಹೋಗಿ, "ಇವತ್ತು ಮಕ್ಕಳನ್ನ ಮನೇಲಿ ಕೂರಿಸಬ್ಯಾಡ್ರೇ" ಎಂದು ಹೇಳಿ ಬರುತ್ತಾಳೆ.

ಅಕ್ಕಂದಿರೇ, ತಾಯಂದಿರೇ, ನಿಮಗೂ ಅದನ್ನೇ ಹೇಳುವುದಿದೆ. ಮಗುವಿಗೆ ಯಾವುದೋ ಆಹಾರ ಆಗುತ್ತಿಲ್ಲ ಎಂದು ಅನುಮಾನ ಬಂದರೆ, ಏನು ತಿಂದ ಮೇಲೆ ಏನಾಯಿತು ಎಂದು ನೆನಪಿಟ್ಟುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಶಕ್ತಿಗೆಂದು ಕೊಡುವುದನ್ನೂ ಬಿಡದೆ ಹೇಳಿ. ಸಲಾಕೆ ಹಿಡಿಸುವ, ಕೂದಲು ನೋಡುವ ಶಿಬಿರದ ಮಾತು ಕೇಳಿ ಹಾಲು, ಮೊಟ್ಟೆ, ಬೇಳೆ, ಸೊಪ್ಪನ್ನು ಮಗುವಿನ ತಟ್ಟೆಯಿಂದ ತೆಗೆಯಬೇಡಿ. ತೂಕ, ಎತ್ತರ, ರಕ್ತದ ಪರೀಕ್ಷೆಯನ್ನು ತಪ್ಪಿಸಬೇಡಿ, ನಿಮ್ಮದನ್ನೂ ಮಾಡಿಸಿಕೊಳ್ಳಿ. ತುಟಿ ಊದಿದರೆ, ಉಸಿರು ಕಟ್ಟಿದರೆ ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಓಡಿ.

ಪ್ರೇರಣಾ ಈಗ ಎಲ್ಲರ ಜೊತೆ ಉಣ್ಣುತ್ತಾಳೆ. ಆದರೆ ಮೊದಲ ತುತ್ತು ಬಾಯಿಗಿಟ್ಟಾಗ ಇವತ್ತಿಗೂ ಒಮ್ಮೆ ತಲೆಯೆತ್ತಿ ಅಮ್ಮನ ಮುಖ ನೋಡುತ್ತಾಳೆ. ಸೌಟು ಹಿಡಿದ ಹೂವಮ್ಮ ಅಲ್ಲೇ ನಿಂತು, ಅವಳು ನುಂಗುವವರೆಗೆ ಕಾಯುತ್ತಾಳೆ. ನಿಮ್ಮ ಮಗು ಅನ್ನದ ಮುಂದೆ ಕುಳಿತು ನಿಮ್ಮ ಮುಖವನ್ನು ಹಾಗೆ ನೋಡುವ ದಿನ ಬಾರದಿರಲಿ.