ಅತ್ತೆ ಸೊಸೆ ಕಟ್ಟಿದ ಕಂಪ್ಯೂಟರು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದ ಸೊಸೆಗೆ ಇದ್ದದ್ದು ಒಂದೇ ಹುಚ್ಚು, ಕಂಪ್ಯೂಟರ್ ಆಟ. ಮದುವೆಗೆ ಮುಂಚೆ ತವರಿನಲ್ಲಿ ತಮ್ಮನ ಜೊತೆ ಒಂದೇ ಕುರ್ಚಿಗಾಗಿ ಕಿತ್ತಾಡಿಕೊಂಡು ಆಡಿದವಳು. ಈಗ ಅವನು ಅಲ್ಲಿ, ಇವಳು ಇಲ್ಲಿ. ರಜೆಯ ದಿನ ಇಂಟರ್ನೆಟ್ಟಿನಲ್ಲಿ ಸೇರಿ ಆಡುತ್ತಿದ್ದರು. ಆದರೆ ಇವಳ ಹಳೆಯ ಲ್ಯಾಪ್‌ಟಾಪು ಹತ್ತು ನಿಮಿಷಕ್ಕೆ ಇಸ್ತ್ರಿಪೆಟ್ಟಿಗೆಯಂತೆ ಕಾದು ತಡವರಿಸತೊಡಗುತ್ತಿತ್ತು. ಎದುರಾಳಿ ಮೂಲೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತುಬಿಡುವುದು. ಮತ್ತೆ ಚಲಿಸುವಾಗ ಇವಳು ಸತ್ತು ಬಿದ್ದಿರುತ್ತಿದ್ದಳು. ತಮ್ಮ ಅತ್ತಲಿಂದ ಬಿದ್ದು ಬಿದ್ದು ನಗುತ್ತಿದ್ದ.

ಅಂತೂ ಹೊಸದೊಂದನ್ನು ತಾನೇ ಬಿಡಿಭಾಗ ತಂದು ಜೋಡಿಸುವುದೆಂದು ಅವಳು ತೀರ್ಮಾನಿಸಿದಳು. ತೀರಾ ಅಗ್ಗದ್ದೂ ಅಲ್ಲ, ಕಣ್ಣು ಕುಕ್ಕುವ ದುಬಾರಿಯದೂ ಅಲ್ಲ, ನಡುಮಟ್ಟದ್ದು. ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಪಟ್ಟಿ ಬರೆಯುತ್ತ, ಹೊಡೆದುಹಾಕುತ್ತ ಕುಳಿತಿದ್ದಳು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು; ನಸುಕಿಗೇ ಹೋಗಿ ಬಂದು ಒಳಗೆ ಗೊರಕೆ ಹೊಡೆಯುತ್ತಿದ್ದ. ಅತ್ತೆ ಎದುರಿನ ಕುರ್ಚಿಯಲ್ಲಿ ಕುಳಿತು ಟೀ ಬಗ್ಗಿಸುತ್ತಿದ್ದರು.

ಅತ್ತೆ ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿದವರು. ಹೋದ ವರ್ಷ ತಪಾಸಣೆಯಲ್ಲಿ ಎಡಗಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಗಿದೆಯೆಂದು ಗೊತ್ತಾಯಿತು. ಒಂದೇ ಕಣ್ಣಿನಲ್ಲಿ ದೂರದ ಅಂದಾಜು ಸಿಗುವುದಿಲ್ಲ, ಜನರನ್ನು ಕೂರಿಸಿಕೊಂಡು ಓಡಿಸುವ ಹಾಗಿಲ್ಲ ಎಂದರು ಡಾಕ್ಟರು. ಅಂದು ಅತ್ತೆ ಡಿಪೋದಲ್ಲಿ ಬೀಗದಕೈ ಒಪ್ಪಿಸಿ ಬಂದು, ಎಂದಿನಂತೆ ಉಂಡು, ತಟ್ಟೆ ತೊಳೆದಿಟ್ಟು ಮಲಗಿದ್ದರು. ಆ ಬಗ್ಗೆ ಆಮೇಲೂ ಬಾಯಿ ಬಿಡಲಿಲ್ಲ. ಆದರೆ ಅಡುಗೆಮನೆಯ ಡಬ್ಬಗಳು ವಾರಕ್ಕೆರಡು ಸಲ ಜಾಗ ಬದಲಿಸತೊಡಗಿದ್ದವು. ಸಕ್ಕರೆ ಎಲ್ಲಿದೆಯೆಂದು ಮನೆಯಲ್ಲಿ ಯಾರಿಗೂ ಖಾತ್ರಿಯಿರಲಿಲ್ಲ.

ಈಗಲೂ ಟೀ ಲೋಟದ ಅಂಚಿನಾಚೆ ಬಿತ್ತು. ಸೊಸೆ ಕಂಡೂ ಕಾಣದಂತೆ ಕಾಗದ ಸರಿಸಿದಳು.

"ಏನದು ಬೆಳಿಗ್ಗೆಯಿಂದ ಬರೆಯೋದು, ಹೊಡೆಯೋದು?" ಅತ್ತೆ ಕೇಳಿದರು.

"ಕಂಪ್ಯೂಟರ್ ಸಾಮಾನು ಅತ್ತೆ. ಪ್ರೊಸೆಸರ್ ಒಳ್ಳೇದು ತಗೊಂಡ್ರೆ ಗ್ರಾಫಿಕ್ಸ್ ಕಾರ್ಡಿಗೆ ಸಾಲಲ್ಲ. ಕಾರ್ಡು ಒಳ್ಳೇದು ತಗೊಂಡ್ರೆ ಪರದೆಗೆ ಸಾಲಲ್ಲ."

"ಯಾವುದು ಏನು ಮಾಡುತ್ತೆ?"

ಸೊಸೆ ಸ್ವಲ್ಪ ಯೋಚಿಸಿದಳು. "ಪ್ರೊಸೆಸರ್ ಡ್ರೈವರ್ ಅಂದ್ಕೊಳ್ಳಿ. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ಅದೇ ಹೇಳೋದು. ಗ್ರಾಫಿಕ್ಸ್ ಕಾರ್ಡು ಎಂಜಿನ್ನು. ಚಿತ್ರದ ಭಾರ ಎಳೆಯೋದು ಅದು."

"ಹಾಗಾದ್ರೆ ಡ್ರೈವರಿಗೆ ಜಾಸ್ತಿ ಕೊಡು," ಅಂದರು ಅತ್ತೆ, ಯೋಚನೆಯನ್ನೇ ಮಾಡದೆ.

ಸೊಸೆಗೆ ನಗು ಬಂತು. ತಕ್ಷಣ ಏನೋ ಹೊಳೆದು, ಫೋನಿನಲ್ಲಿ ಒಂದು ವಿಡಿಯೊ ಹಾಕಿ ಅವರ ಮುಂದೆ ಹಿಡಿದಳು. ಬಸ್ಸು ಓಡಿಸುವ ಆಟ. ಯಾರೋ ಮಳೆಯಲ್ಲಿ ದೊಡ್ಡ ಬಸ್ಸನ್ನು ಕಿರಿದಾದ ಬೀದಿಯಲ್ಲಿ ತಿರುಗಿಸುತ್ತಿದ್ದರು. ಅತ್ತೆ ಲೋಟ ಕೆಳಗಿಟ್ಟರು. ಅವರಿಗರಿವಿಲ್ಲದೆ ಬಲಗಾಲು ನೆಲವನ್ನು ಒತ್ತಿತು.

"ಇವನು ತಿರುವಲ್ಲಿ ಬಾಲ ನೋಡ್ಲೇ ಇಲ್ಲ. ಹಿಂದಿನ ಚಕ್ರ ಫುಟ್‌ಪಾತ್ ಹತ್ತುತ್ತೆ ನೋಡು," ಅಂದರು. ಹತ್ತಿತು.

"ನಾವೂ ಇದನ್ನ ಹಾಕೋಣ ಅತ್ತೆ. ಸ್ಟೇರಿಂಗೂ ಸಿಗುತ್ತೆ, ಪೆಡಲ್ಲೂ ಸಿಗುತ್ತೆ."

ಅತ್ತೆ ಫೋನನ್ನು ಮೆಲ್ಲಗೆ ಆಚೆ ತಳ್ಳಿದರು. "ನನ್ನ ಕೈಲಿ ಆಗಲ್ಲ ಬಿಡು. ದೂರ ಗೊತ್ತಾಗಲ್ಲ ನಂಗೆ."

ದಿನವೆಲ್ಲ ಗಾಜಿನ ಜೊತೆ ಏಗುವ ಸೊಸೆಗೆ ಇದೊಂದು ವಿಷಯ ಚೆನ್ನಾಗಿ ಗೊತ್ತಿತ್ತು. "ಪರದೇಲಿ ದೂರ ಅನ್ನೋದೇ ಇಲ್ಲ ಅತ್ತೆ. ಚಪ್ಪಟೆ ಗಾಜು ಅದು. ದೊಡ್ಡದು ಹತ್ರ, ಸಣ್ಣದು ದೂರ ಅಂತ ಎಲ್ಲರೂ ಲೆಕ್ಕ ಹಾಕೋದೇ. ಎರಡು ಕಣ್ಣಿದ್ದೋರಿಗೆ ಅಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಿಗೆ ಸಿಗಲ್ಲ." ನಂಬಿಕೆ ಬರಲೆಂದು ಅವಳು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ವಿಡಿಯೊ ನೋಡಿದಳು. "ನೋಡಿ, ನಂಗೂ ಅಷ್ಟೇ."

ಅತ್ತೆ ಫೋನನ್ನು ಮತ್ತೆ ಹತ್ತಿರಕ್ಕೆಳೆದು ವಿಡಿಯೊ ಕೊನೆಯವರೆಗೂ ನೋಡಿದರು. ಆಮೇಲೆ ಬಟ್ಟೆ ತಂದು ಚೆಲ್ಲಿದ ಟೀ ಒರೆಸಿದರು.

"ಅಂಗಡಿಗೆ ನಾನೂ ಬರ್ತೀನಿ. ಅರ್ಧ ದುಡ್ಡು ನಂದು," ಅಂದರು.

ಕಂಪ್ಯೂಟರ್ ಅಂಗಡಿಯವನಿಗೆ ಬೀದಿಯವರೆಲ್ಲ ಮಿಣುಕ ಎನ್ನುತ್ತಿದ್ದರು. ಅವನ ಅಂಗಡಿಯಲ್ಲಿ ಕೀಬೋರ್ಡಿನಿಂದ ಹಿಡಿದು ಕುರ್ಚಿಯವರೆಗೆ ಎಲ್ಲಕ್ಕೂ ಬಣ್ಣದ ದೀಪ. ಇವರನ್ನು ಕಂಡದ್ದೇ ಮೂರು ಕಡೆ ಗಾಜಿರುವ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಮುಂದಕ್ಕೆಳೆದು ದೀಪ ಹಾಕಿದ. ಒಳಗಿನ ಫ್ಯಾನುಗಳು ಕೆಂಪಾಗಿ, ನೀಲಿಯಾಗಿ, ಮತ್ತೇನೋ ಆದವು.

"ಎಲ್ಲರೂ ಇದನ್ನೇ ಒಯ್ಯೋದು ಅಮ್ಮಾ."

ಅತ್ತೆ ಅದರ ಸುತ್ತ ಒಂದು ಸುತ್ತು ಬಂದರು. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಬಸ್ಸಿನ ಸುತ್ತ ಬರುತ್ತಿದ್ದ ಅದೇ ನಡಿಗೆ. "ಮುಂದೆ ಗಾಜು, ಪಕ್ಕದಲ್ಲಿ ಗಾಜು, ಮೇಲೂ ಗಾಜು. ಉಸಿರು ಎಲ್ಲಿಂದ ತಗೊಳ್ಳುತ್ತಪ್ಪ ಇದು?"

ಮಿಣುಕ ತಲೆ ಕೆರೆದುಕೊಂಡ. ಕೊನೆಗೆ ಗೋದಾಮಿನಿಂದ ಮುಂಭಾಗಕ್ಕೆ ಜಾಲರಿಯಿದ್ದ, ದೀಪವಿಲ್ಲದ ಕಪ್ಪು ಪೆಟ್ಟಿಗೆಯೊಂದನ್ನು ಒಲ್ಲದ ಮನಸ್ಸಿನಿಂದ ತಂದ. ಅತ್ತೆ ಜಾಲರಿಗೆ ಅಂಗೈಯಿಟ್ಟು ನೋಡಿ ತಲೆಯಾಡಿಸಿದರು. ವಿದ್ಯುತ್ ಪೂರೈಸುವ ಡಬ್ಬಿ ಅಗ್ಗದ್ದು ಸಾಕೆಂದು ಅವನು ಹೇಳಿದಾಗ ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ "ಬೇಡ" ಅಂದರು. ಅದು ಸುಟ್ಟರೆ ಜೊತೆಗಿರುವುದನ್ನೂ ಸುಡುತ್ತದೆ ಎಂದು ಸೊಸೆ ಓದಿದ್ದಳು. ಅತ್ತೆ ಏನೂ ಓದಿರಲಿಲ್ಲ, ಆದರೆ ಅದರ ತೂಕ ನೋಡಿಯೇ ಮುಖ ಸಿಂಡರಿಸಿದ್ದರು.

ಇಕ್ಕಟ್ಟು ಎದುರಾದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಅತ್ತೆಗೆಂದು ದೊಡ್ಡ ಪರದೆಯೂ ಸ್ಟೇರಿಂಗೂ ಪಟ್ಟಿಗೆ ಸೇರಿದ ಮೇಲೆ ಸೊಸೆ ಮನಸ್ಸಿಟ್ಟಿದ್ದ ಕಾರ್ಡು ಕೈಗೆಟುಕದಾಯಿತು.

"ಒಂದು ಮೆಟ್ಟಿಲು ಕೆಳಗಿನದು ಸಾಕು ಬಿಡಿ," ಅಂದಳು ಸೊಸೆ, ಆದಷ್ಟು ಹಗುರವಾಗಿ.

ಮಿಣುಕ ಅವಳು ಮನಸ್ಸಿಟ್ಟಿದ್ದ ಕಾರ್ಡೇ ಯಾರೋ ಬಳಸಿದ್ದೊಂದು ಇದೆಯೆಂದು ಒಳಗಿಂದ ತಂದ. ಅತ್ತೆ ಅದರ ಫ್ಯಾನನ್ನು ಬೆರಳಿನಿಂದ ತಿರುಗಿಸಿ, ಕಿವಿ ಹತ್ತಿರ ತಂದು ಕೇಳಿದರು. "ಬೇರಿಂಗ್ ಸವೆದಿದೆ. ಇದನ್ನ ಹಗಲೂ ರಾತ್ರಿ ದುಡಿಸಿದಾರೆ." ಮಿಣುಕ ಅದನ್ನು ಒಳಗಿಟ್ಟು ಬಂದ. ಅತ್ತೆ ಸೊಸೆಯ ಕಡೆ ತಿರುಗಿದರು. "ನೀನು ಕೇಳಿದ್ದು ಹೊಸದೇ ಇರಲಿ. ಬೇರೆ ಕಡೆ ಕತ್ತರಿ ಹಾಕು. ಪಟ್ಟಿ ಕೊಡು ಇಲ್ಲಿ."

ಇಬ್ಬರೂ ಗಲ್ಲಾದ ಮೇಲೆ ಕಾಗದ ಬಿಡಿಸಿಕೊಂಡು ನಿಂತರು. ಪ್ರೊಸೆಸರಿನ ಡಬ್ಬದಲ್ಲೇ ಒಂದು ಫ್ಯಾನು ಬರುತ್ತದೆ, ಬೇರೆ ಕೂಲರ್ ಬೇಡ. ಭಾಗಗಳನ್ನೆಲ್ಲ ಕೂರಿಸುವ ಮದರ್‌ಬೋರ್ಡು ಸಾದಾ ಸಾಕು, ಆದರೆ ಮುಂದೆ ಮೆಮೊರಿ ಸೇರಿಸಲು ಎರಡು ಖಾಲಿ ಜಾಗ ಇರಲೇಬೇಕು. ದೀಪವಿರುವುದೆಲ್ಲ ಹೋಗಲಿ. ಇಷ್ಟಾದರೂ ಮೊತ್ತ ಕೈಲಿದ್ದ ಹಣಕ್ಕಿಂತ ಸ್ವಲ್ಪ ಮೇಲೇ ನಿಂತಿತು. ಹೊಸ ಸ್ಟೇರಿಂಗ್ ಬದಲು ಹಳೆಯದು ಸಾಕೆಂದು ಅತ್ತೆಯೇ ಅಂದರು. ಮಿಣುಕ ತಂದದ್ದನ್ನು ಅತ್ತಿತ್ತ ಅಲುಗಿಸಿದರೆ ಅದು ಸಡಿಲವಾಗಿ ಆಡಿತು.

"ಇದರಲ್ಲಿ ಸ್ವಲ್ಪ ಆಟ ಇದೆಯಲ್ಲಪ್ಪ."

"ಆಟಕ್ಕೇ ಅಲ್ವಾ ಅಮ್ಮಾ ಇರೋದು," ಅಂದ ಮಿಣುಕ.

ಅತ್ತೆ ಗಹಗಹಿಸಿ ನಕ್ಕರು. ವರ್ಷದಿಂದ ಆ ನಗು ಕೇಳಿರದ ಸೊಸೆ ಪಟ್ಟಿ ಬಿಟ್ಟು ಅವರನ್ನೇ ನೋಡಿದಳು. ಆ ಸ್ಟೇರಿಂಗಿಗೆ ಮಿಣುಕ ಹೇಳಿದ ಬೆಲೆಯಲ್ಲಿ ಅರ್ಧವೂ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ಅತ್ತೆ ಅದರ ಸಡಿಲಾದ ತಿರುಪುಗಳನ್ನು ಒಂದೊಂದಾಗಿ ತೋರಿಸಿದ್ದರು.

ಮುಂದಿನ ಭಾನುವಾರ ಊಟದ ಮೇಜೇ ವರ್ಕ್‌ಶಾಪಾಯಿತು. ಸೊಸೆ ಕನ್ನಡಕದ ತಿರುಪು ಬಿಗಿಯುವ ಸೂಕ್ಷ್ಮದಲ್ಲಿ ಪ್ರೊಸೆಸರನ್ನು ಅದರ ಗೂಡಿನಲ್ಲಿ ಇಳಿಸಿದಳು. ಅತ್ತೆ ತಂತಿಗಳನ್ನು ಪೆಟ್ಟಿಗೆಯ ಬೆನ್ನಿನಲ್ಲಿ ಸುತ್ತಿ ಕಟ್ಟಿದರು, ಗಾಳಿಗೆ ಯಾವುದೂ ಅಡ್ಡ ಬರಬಾರದೆಂದು. ಗಂಡನಿಗೆ ಟಾರ್ಚು ಹಿಡಿಯುವ ಕೆಲಸ. ಅವನು ನಿಂತಲ್ಲೇ ತೂಕಡಿಸಿ ಬೆಳಕನ್ನು ಆಗಾಗ ಚಾವಣಿಗೆ ಬಿಡುತ್ತಿದ್ದ. ಕೊನೆಗೆ ಅವನಿಗೆ ಎಚ್ಚರವಿರಲೆಂದು ಪರದೆಯ ತಂತಿ ಚುಚ್ಚಲು ಕೊಟ್ಟರು.

ಸೊಸೆ ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಉಳಿಯಿತು.

ಮೆಮೊರಿ ಕಿತ್ತು ಮತ್ತೆ ಕೂರಿಸಿದಳು. ಕಪ್ಪು. ಕಾರ್ಡನ್ನು ಮತ್ತೆ ಒತ್ತಿದಳು. ಕಪ್ಪು. ಪ್ರೊಸೆಸರ್ ಕೂರಿಸುವಾಗ ಏನಾದರೂ ಬಾಗಿಸಿಬಿಟ್ಟೆನೇ ಎಂದು ಅವಳಿಗೆ ಅನುಮಾನ ಬಂತು. "ಕೆಟ್ಟುಹೋಯ್ತು ಅನ್ಸುತ್ತೆ," ಅಂದಳು.

"ಸ್ವಲ್ಪ ಸುಮ್ಮನಿರು." ಅತ್ತೆ ಪೆಟ್ಟಿಗೆಗೆ ಕಿವಿಗೊಟ್ಟರು. "ಮೊದಲು ಜೋರಾಗಿ ಎದ್ದು ಆಮೇಲೆ ಮೆತ್ತಗಾಗುತ್ತೆ. ಪ್ರತಿ ಸಲಾನೂ ಹಾಗೇ. ಕೆಟ್ಟಿರೋದು ಹೀಗೆ ಒಂದೇ ಸಮ ನಡೆಯಲ್ಲ. ಇದು ಎದ್ದಿದೆ, ನಮಗೆ ತೋರಿಸ್ತಿಲ್ಲ ಅಷ್ಟೇ." ಪರದೆಯ ಹಿಂದಿನ ತಂತಿ ಹಿಡಿದು, ಬೆರಳಾಡಿಸುತ್ತ ಪೆಟ್ಟಿಗೆಯ ತನಕ ಬಂದರು. "ಇದು ಹೋಗಬೇಕಾದ್ದು ಎಲ್ಲಿಗೆ?"

ಸೊಸೆ ಬಗ್ಗಿ ನೋಡಿದಳು. ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕಾದ ತಂತಿ ಅದರ ಮೇಲಿನ ಮದರ್‌ಬೋರ್ಡಿನ ಕಿಂಡಿಯಲ್ಲಿ ಕೂತಿತ್ತು. ಇಬ್ಬರೂ ಒಟ್ಟಿಗೆ ಗಂಡನ ಕಡೆ ತಿರುಗಿದರು.

"ಅಲ್ಲೂ ಅಂಥದೇ ತೂತಿತ್ತು," ಅಂದ ಅವನು.

ತಂತಿ ಬದಲಿಸಿದ್ದೇ ತಡ, ಪರದೆ ಬೆಳಗಿತು.

ಮೊದಲ ಸರದಿ ಅತ್ತೆಯದು. ಕುರ್ಚಿಯನ್ನು ಮೂರು ಸಲ ಹಿಂದೆ ಮುಂದೆ ಮಾಡಿದರು. ಆಟದ ಬಸ್ಸಿನ ಕನ್ನಡಿಗಳನ್ನು ಸರಿಪಡಿಸುವುದು ಹೇಗೆಂದು ಕೇಳಿ ಸರಿಪಡಿಸಿಕೊಂಡರು. ಮೊದಲ ನಿಲ್ದಾಣದಲ್ಲಿ ಬಸ್ಸು ಎರಡು ಮಾರು ಮುಂದೆ ಹೋಯಿತು. ಎರಡನೆಯದರಲ್ಲಿ ಒಂದಡಿ. ಮೂರನೆಯದರಲ್ಲಿ ಬಾಗಿಲು ಸರಿಯಾಗಿ ಕಾದಿದ್ದವರ ಎದುರಿಗೇ ತೆರೆದುಕೊಂಡಿತು, ಗೊಂಬೆ ಜನ ಒಬ್ಬೊಬ್ಬರಾಗಿ ಹತ್ತಿದರು. ಅತ್ತೆ ಅವರನ್ನು ಒಂದು ಗಳಿಗೆ ನೋಡುತ್ತ ಕೂತರು. ಮೂಗು ಒರೆಸಿಕೊಂಡು ಇಂಡಿಕೇಟರ್ ಹಾಕಿದರು.

ಅಷ್ಟರಲ್ಲಿ ಸೊಸೆಯ ಫೋನು ಹೊಡೆದುಕೊಂಡಿತು. ತಮ್ಮ. "ಅಕ್ಕಾ, ಹೊಸಾ ಮಷೀನು ರೆಡಿ ಅಂದೆಯಲ್ಲ, ಎಲ್ಲಿದ್ದೀಯಾ?"

"ಅತ್ತೆ, ಸ್ವಲ್ಪ ಬಿಡ್ತೀರಾ?"

"ಇನ್ನೂ ಹನ್ನೊಂದು ಸ್ಟಾಪಿದೆ," ಅಂದರು ಅತ್ತೆ, ರಸ್ತೆಯಿಂದ ಕಣ್ಣು ಕೀಳದೆ. "ಜನರನ್ನ ನಡುದಾರೀಲಿ ಇಳಿಸಿ ಹೋಗೋಕಾಗುತ್ತಾ?"

ಸೊಸೆ ಫೋನಿನಲ್ಲಿ ತಮ್ಮನಿಗೆ ಕಾಯಲು ಹೇಳಿ, ಗಂಡ ತಂದಿದ್ದ ಬನ್ನು ಎರಡು ಹೋಳು ಮಾಡಿ, ಒಂದನ್ನು ಅತ್ತೆಯ ಕೈಗೆ ಸಿಗುವಂತೆ ಇಟ್ಟು ಪಕ್ಕದಲ್ಲಿ ಕುಳಿತಳು. ಮುಂದಿನ ತಿರುವಿನಲ್ಲಿ ಅತ್ತೆ ಬಾಲ ನೋಡಿಕೊಂಡು ತಿರುಗಿಸಿದರು. ಚಕ್ರ ಎಲ್ಲಿಯೂ ಹತ್ತಲಿಲ್ಲ.