ಯಾವ ಹಳದಿ?

ಗಾಯಗಳಲ್ಲಿ ಮೂರು ಬಣ್ಣ ಎಂಬುದು ಸೀತ್ಸ್ಕೆಗೆ ಬಾಯಿಪಾಠವಾಗಿತ್ತು. ಕೆಂಪಾದರೆ ಮಾಯುತ್ತಿದೆ, ಹಳದಿಯಾದರೆ ತೊಳೆಯಬೇಕು, ಕಪ್ಪಾದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಸಂಜೆಯ ಕ್ಲಾಸಿನಲ್ಲಿ ರೀಂಕ್ ಮೇಷ್ಟ್ರು ಇದನ್ನು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಅವಳೇ. ಆದರೆ ಅಂಥ ಗಾಯವೊಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಬಂದರಿನ ಬಳಿಯ ಬಣ್ಣದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಬಣ್ಣ ಬೆರೆಸುವ ಕೆಲಸ ಅವಳದು. ಅಲ್ಲಿನ ಮಾದರಿ ಚೀಟಿಗಳನ್ನು ತಂದು ನೋಡಲಾಗದ ಪಠ್ಯಪುಸ್ತಕದ ಚಿತ್ರಗಳ ಮೇಲೆಲ್ಲ ಅಂಟಿಸಿಕೊಂಡು, ಅಕ್ಷರಗಳನ್ನಷ್ಟೇ ಓದಿದ್ದಳು. ಹಿಮ್ಮಡಿಯ ಹುಣ್ಣಿನ ಮೇಲೆ ಕಡಲನೀಲಿ ಚೀಟಿ, ಸುಟ್ಟ ಅಂಗೈ ಮೇಲೆ ಎಳೆಹುಲ್ಲಿನ ಹಸಿರು.

ಹಾಗಿದ್ದೂ ನರ್ಸಿನ ಓದು ಯಾಕೆ ಬೇಕಿತ್ತು? ಅವಳಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅವ್ವನ ಕೊನೆಯ ನಾಲ್ಕು ತಿಂಗಳು, ನರ್ಸ್ ಬಂದಾಗಲೆಲ್ಲ ಅವಳು ಕೋಣೆಯ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ನೀರಿನ ಸದ್ದು, ಬಟ್ಟೆ ಹರಿಯುವ ಸದ್ದು. ಅವ್ವ ಹೋಗಿ ಎರಡು ವರ್ಷವಾದರೂ ಅಲ್ಲಿ ಏನು ನಡೆಯುತ್ತಿತ್ತು ಎಂಬ ಪ್ರಶ್ನೆ ಹೋಗಿರಲಿಲ್ಲ.

ಮೇಷ್ಟ್ರು ಬಿಚ್ಚಿಯೇ ಹೇಳಿದ್ದರು. "ಓದಿನಲ್ಲಿ ನಿನ್ನ ಮೀರಿಸೋರಿಲ್ಲ ಕಣಮ್ಮ. ಆದ್ರೆ ರೋಗೀನ ಹಿಡಿದುಕೊಂಡು ನೀನೇ ಬಿದ್ದುಬಿಟ್ರೆ? ಮಂಗಳವಾರ ನಮ್ಮ ಬೌಕ್ಯೆ ಜೊತೆ ಮನೆಮನೆ ಸುತ್ತಿ ಬಾ. ಆಗಲ್ಲ ಅನ್ನಿಸಿದ್ರೆ ಆಗಲ್ಲ ಅನ್ನು, ನಾಚಿಕೆ ಏನಿಲ್ಲ. ಮಧ್ಯಾಹ್ನದೊಳಗೆ ಫೋನು ಮಾಡು. ತರಬೇತಿಗೆ ಉಳಿದಿರೋದು ಒಂದೇ ಜಾಗ, ಇನ್ನೊಬ್ಬಳು ಕಾಯ್ತಿದ್ದಾಳೆ."

ಬಿದ್ದರೆ ಜಾಗ ಬಿಟ್ಟುಕೊಡುವುದೆಂದು ಸೀತ್ಸ್ಕೆ ತನಗೆ ತಾನೇ ಮಾತು ಕೊಟ್ಟುಕೊಂಡಳು.

ಮಂಗಳವಾರ ಬೆಳಿಗ್ಗೆ ಮಗಳು ಆಫ್ಕೆ ಬ್ರೆಡ್ಡಿನ ಮೇಲೆ ಚಾಕಲೇಟು ಚೂರು ಉದುರಿಸುತ್ತ ಕೇಳಿದಳು: "ಅಮ್ಮಾ, ನಿಜವಾಗ್ಲೂ ಹೋಗ್ತೀಯಾ? ನನ್ನ ಮೂಗಲ್ಲಿ ರಕ್ತ ಬಂದಾಗ ಆಂಬುಲೆನ್ಸ್ ಬಂದಿದ್ದು ನಿನಗೆ, ನನಗಲ್ಲ. ನೆನಪಿದೆ ತಾನೇ?"

"ಇದೆ. ಅದನ್ನ ಇಡೀ ಬೀದೀನೇ ನೆನಪಿಟ್ಟುಕೊಂಡಿದೆ," ಎಂದು ಸೀತ್ಸ್ಕೆ ಸೈಕಲ್ ಹತ್ತಿದಳು.

ಬೌಕ್ಯೆ ಮೂವತ್ತು ವರ್ಷದಿಂದ ಇದೇ ಊರಿನ ಮನೆಗಳಿಗೆ ಹೋಗಿಬರುತ್ತಿದ್ದ ನರ್ಸ್. ದಪ್ಪ ಹೆಂಗಸು, ಎದುರುಗಾಳಿಯಲ್ಲಿ ಸೈಕಲ್ ತುಳಿಯುವಾಗಲೂ ಮಾತು ನಿಲ್ಲಿಸುವವಳಲ್ಲ. ಸೀತ್ಸ್ಕೆ ಏದುಸಿರು ಬಿಡುತ್ತ ಅವಳ ಪಕ್ಕ ಬಂದು, ರಾತ್ರಿಯಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿದಳು. "ನಿಮಗೆ ಯಾವುದೂ ಅಸಹ್ಯ ಆಗಲ್ವಾ?"

"ಆಗದೆ ಏನು ಮಾರಾಯ್ತಿ! ಕಟ್ಟಿಸಿದ ಹಲ್ಲು. ಯಾರಾದ್ರೂ ಬಾಯಿಂದ ತೆಗೆದು ಕೈಗೆ ಕೊಟ್ರೆ ಇವತ್ತಿಗೂ ನನ್ನ ಹೊಟ್ಟೆ ತೊಳಸತ್ತೆ."

"ಮತ್ತೆ ಏನ್ ಮಾಡ್ತೀರಿ?"

"ನಮ್ಮ ಜೊತೆಯ ನರ್ಸ್ ಗ್ರೀತ್‌ಗೆ ಕಫ ಕಂಡ್ರೆ ಆಗಲ್ಲ. ಅವಳ ಮನೆಗಳ ಕಫದ ಬಟ್ಟಲು ನಾನು ತೊಳೀತೀನಿ, ನನ್ನ ಮನೆಗಳ ಹಲ್ಲು ಅವಳು ಉಜ್ತಾಳೆ."

ಸೀತ್ಸ್ಕೆ ಪೆಡಲು ತುಳಿಯುವುದನ್ನೇ ಮರೆತಳು. ನಾನೂರು ಪುಟದ ಪುಸ್ತಕದಲ್ಲಿ ಇಂಥದೊಂದು ಸಾಲಿರಲಿಲ್ಲ.

ಮೂರನೆಯ ಮನೆ ಹಾರ್ಮೆನ್ ಎಂಬ ಮುದುಕನದು. ನಲವತ್ತು ವರ್ಷ ಕಾಲುವೆಗಳಲ್ಲಿ ಸರಕಿನ ದೋಣಿ ನಡೆಸಿದ ಮನುಷ್ಯ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹುಣ್ಣಿಗೆ ಪಟ್ಟಿ ಸುತ್ತಿದ್ದ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಾದಿದ್ದ. ಬೌಕ್ಯೆ ನೆಲದ ಮೇಲೆ ಚಾಪೆ ಹಾಸಿ ಮೊಣಕಾಲೂರಿದ ಕೂಡಲೇ ಅವನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದ.

"ನಿನ್ನ ಕೆಲಸ ನೀನು ಮಾಡು. ನಾನು ಸಮಾಚಾರ ಓದ್ತೀನಿ."

ಪಟ್ಟಿ ಸುತ್ತುಸುತ್ತಾಗಿ ಬಿಚ್ಚಿಕೊಂಡಿತು. ಸೀತ್ಸ್ಕೆ ಗೋಡೆಗೊರಗಿ ನಿಂತು ಕಿಟಕಿಯ ಕುಂಡಗಳನ್ನು ಎಣಿಸಿದಳು. ಐದು. ಮತ್ತೆ ಎಣಿಸಿದಳು. ಆಗ ಗಾಯದ ವಾಸನೆ ಬಂತು, ವಾರಗಟ್ಟಲೆ ಬದಲಿಸದ ಹೂದಾನಿಯ ನೀರಿನಂಥ ವಾಸನೆ. ಅದನ್ನು ಮುಚ್ಚಲು ಅವಳ ಹತ್ತಿರ ಚೀಟಿಯಿರಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು.

"ಹೇಗಿದೆ?" ಪತ್ರಿಕೆಯ ಹಿಂದಿನಿಂದ ಮುದುಕ ಕೇಳಿದ.

"ಚೆನ್ನಾಗಿದೆ ಅಜ್ಜಾ," ಎಂದಳು ಬೌಕ್ಯೆ.

"ಒಂಬತ್ತು ವಾರದಿಂದ ಚೆನ್ನಾಗಿದೆ. ಚೆನ್ನಾಗಿದೆ ಅನ್ನೋದು ಒಂದು ಬಣ್ಣವೇ? ಏನಮ್ಮಾ ಹೊಸಬಳೇ, ನೀನು ನೋಡಿ ಹೇಳು. ನನ್ನ ಕೈಲಿ ಆಗಲ್ಲ. ನೋಡಿದ್ರೆ ಎಚ್ಚರ ತಪ್ಪತ್ತೆ."

"ನನಗೂನು," ಎಂದಳು ಸೀತ್ಸ್ಕೆ. ಸುಳ್ಳು ಹೇಳಲು ಅವಳಿಗೆ ಉಸಿರು ಉಳಿದಿರಲಿಲ್ಲ.

ಪತ್ರಿಕೆ ಕೆಳಗಿಳಿಯಿತು. "ನಿನಗೂನಾ? ಅದಕ್ಕೇ ನರ್ಸ್ ಆಗೋಕೆ ಹೊರಟ್ಯಾ? ಈಜು ಬಾರದವನು ದೋಣಿ ನಡೆಸಿದ ಹಾಗಾಯ್ತು!" ಎಂದು ನಕ್ಕ ಮುದುಕ ಮೆತ್ತಗೆ ಸೇರಿಸಿದ: "ನನಗೂ ಈಜು ಬರಲ್ಲ ಅನ್ನು."

ಸೀತ್ಸ್ಕೆಗೂ ನಗು ಬರುತ್ತಿತ್ತು, ಅಷ್ಟರಲ್ಲಿ ಕಣ್ಣು ಕತ್ತಲಾಯಿತು. ಬೆನ್ನು ಗೋಡೆಯ ಮೇಲೆ ಜಾರಿತು. ಜಾರುತ್ತ ಜಾರುತ್ತ ಅವಳು ಬೌಕ್ಯೆಯ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತಳು. ಮುಗಿಯಿತು ಎಂದುಕೊಂಡಳು. ಜಾಗ ಆ ಇನ್ನೊಬ್ಬಳಿಗೆ ಹೋಯಿತು. ಅವಳು ಯಾರೋ, ಗಟ್ಟಿಗಿತ್ತಿಯೇ ಇರಬೇಕು.

ಕಣ್ಣ ಕತ್ತಲೆ ತಿಳಿಯಾಯಿತು. ಎದುರಿಗೆ, ಒಂದು ಗೇಣು ದೂರದಲ್ಲಿ, ಸ್ಟೂಲಿನ ಮೇಲೆ ಹಾರ್ಮೆನ್ ಅಜ್ಜನ ಕಾಲಿತ್ತು. ಕುಂಡಗಳು ಅಲ್ಲಿಂದ ಕಾಣುತ್ತಿರಲಿಲ್ಲ. ಬೇರೇನೂ ಕಾಣುತ್ತಿರಲಿಲ್ಲ.

"ಇದು ಹಳದಿ ಅಲ್ಲ," ಎಂದಳು ಸೀತ್ಸ್ಕೆ.

ಬೌಕ್ಯೆ ತಿರುಗಿದಳು. "ಏನಂದೆ?"

"ಪುಸ್ತಕದಲ್ಲಿ ಹಳದಿ ಅಂತ ಬರೆದಿದೆ. ನಮ್ಮ ಅಂಗಡೀಲಿ ಹಳದಿನೇ ಇನ್ನೂರು ಇವೆ. ಇದು ಅದರಲ್ಲಿ ಯಾವುದೂ ಅಲ್ಲ."

"ಮತ್ತೆ ಯಾವುದು?" ಮುದುಕ ಕುರ್ಚಿಯಲ್ಲಿ ಮುಂದೆ ಬಾಗಿದ. ಕಾಲನ್ನಲ್ಲ, ಅವಳ ಮುಖವನ್ನೇ ನೋಡುತ್ತಿದ್ದ. "ನನ್ನ ದೋಣಿಗೆ ವರ್ಷಾವರ್ಷ ನಾನೇ ಬಣ್ಣ ಬಳಿದವನು. ಹೇಳು, ಅರ್ಥ ಆಗತ್ತೆ."

"ದಂತದ ಬಣ್ಣಕ್ಕೆ ಚೂರು ಬೂದು ಬೆರೆಸಿ, ಒಂದು ತೊಟ್ಟು ಹಸಿರು ಹಾಕಿದ ಹಾಗೆ. ಯಾರಾದ್ರೂ ಗೋಡೆಗೆ ಅಂತ ಇದನ್ನ ಕೇಳಿದ್ರೆ ನಾನು ಬೇಡ ಅಂತಿದ್ದೆ."

"ಎಷ್ಟಿದೆ?"

"ಹೆಬ್ಬೆರಳಿನ ಉಗುರಿನಷ್ಟು. ಸುತ್ತ ಎಲ್ಲಾ ಕೆಂಪು."

"ಯಾವ ಕೆಂಪು? ತುಕ್ಕು ತಡೆಯೋಕೆ ಬಳೀತಾರಲ್ಲ, ಅದಾ?"

"ಅದಲ್ಲ. ಅದು ಸತ್ತ ಕೆಂಪು. ಇದು ಒದ್ದೆಯಾಗಿ ಹೊಳೀತಾ ಇದೆ. ಸಣ್ಣ ಸಣ್ಣ ಕಾಳು ಕಾಳಾಗಿದೆ."

"ಹೊಸ ಮಾಂಸ ಹಾಗೇ ಬರೋದು," ಎಂದು ಬೌಕ್ಯೆ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಅವಳ ಕೈಯಲ್ಲೇ ನಿಂತಿತ್ತು.

ಮುದುಕನ ದನಿ ಇಳಿಯಿತು. "ಕಪ್ಪು?"

ಸರಿಯಾಗಿ ನೋಡದೆ ಹೇಳುವುದು ಸೀತ್ಸ್ಕೆಯಿಂದಾಗದ ಕೆಲಸ. "ತಡೀರಿ. ಆ ದೀಪ ಸ್ವಲ್ಪ ಈ ಕಡೆ," ಎಂದು ಬೌಕ್ಯೆಗೇ ಅಪ್ಪಣೆ ಕೊಟ್ಟಳು. ತಲೆಯನ್ನು ನೆಲಕ್ಕೆ ತಾಗುವಷ್ಟು ಬಾಗಿಸಿ ಕೆಳಗಿನ ಅಂಚು ನೋಡಿದಳು, ಹಿಮ್ಮಡಿಯ ಕಡೆಯಿಂದ ನೋಡಿದಳು. ಅಂಚಿನ ಉದ್ದಕ್ಕೂ ಈರುಳ್ಳಿ ಪೊರೆಯಷ್ಟು ತೆಳುವಾದ ಗುಲಾಬಿ ಚರ್ಮ ಒಳಮುಖವಾಗಿ ಬೆಳೆಯುತ್ತಿತ್ತು. ಇಷ್ಟು ಚಂದದ ವಸ್ತು ಇಷ್ಟು ಕೆಟ್ಟ ವಾಸನೆಯ ನಡುವೆ ಹೇಗೆ ಬಂತು?

"ಕಪ್ಪಿಲ್ಲ. ಎಲ್ಲೂ ಇಲ್ಲ."

ಹಾರ್ಮೆನ್ ಕುರ್ಚಿಗೆ ಒರಗಿದ. ಪತ್ರಿಕೆ ಜಾರಿ ನೆಲಕ್ಕೆ ಬಿತ್ತು. "ನಮ್ಮಣ್ಣನ ಕಾಲು ಕಪ್ಪಾಗೇ ಹೋಗಿದ್ದು. ಮೊಣಕಾಲಿನ ತನಕ ತೆಗೆದುಬಿಟ್ರು," ಎಂದ.

ಬೌಕ್ಯೆಯ ಮುಖ ಸಣ್ಣದಾಯಿತು. "ಒಂಬತ್ತು ವಾರ ಇದಕ್ಕೇ ಹೆದರ್ತಾ ಕೂತಿದ್ರಾ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀನು ಚೆನ್ನಾಗಿದೆ ಅಂದ್ಮೇಲೆ ಇನ್ನೇನು ಕೇಳೋದು ತಾಯಿ?"

ಬೌಕ್ಯೆ ಗಾಯ ತೊಳೆದಳು. ಹೊಸ ಪಟ್ಟಿಯ ತುದಿಯನ್ನು ಸೀತ್ಸ್ಕೆಯ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೋ," ಎಂದಳು. ಸೀತ್ಸ್ಕೆ ಹಿಡಿದಳು. ಕಟ್ಟಿ ಮುಗಿಯುವ ತನಕ ಸಡಿಲಬಿಡಲಿಲ್ಲ.

ಕಾಫಿ ಮುಗಿಸಿ ಹೊರಗೆ ಬಂದಾಗ ಸೀತ್ಸ್ಕೆ ಸೈಕಲ್ಲಿನ ಬೀಗ ತೆಗೆಯದೆ ನಿಂತಳು. "ಬಿದ್ರೆ ಬಿಟ್ಟುಬಿಡ್ತೀನಿ ಅಂತ ಅಂದ್ಕೊಂಡಿದ್ದೆ. ನಾನು ಬಿದ್ದೆ ತಾನೇ?"

"ಕೂತೆ," ಎಂದಳು ಬೌಕ್ಯೆ.

"ಬೇಕು ಅಂತ ಕೂರಲಿಲ್ಲ."

"ನಾನೂ ಬೇಕು ಅಂತ ಕೂರಲ್ಲ. ಕಾಲು ಇರೋದು ಕೆಳಗೆ, ನಿಂತುಕೊಂಡು ಯಾರು ಪಟ್ಟಿ ಕಟ್ತಾರೆ? ನೀನು ಫೋನು ಮಾಡು, ಮೇಷ್ಟ್ರಿಗೆ ನಾನು ಹೇಳ್ತೀನಿ."

"ಬೇಡ, ನಾನೇ ಹೇಳಬೇಕು."

ಅವಳು ಮೇಷ್ಟ್ರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕುಂಡ ಎಣಿಸಿದ್ದು, ವಾಸನೆ, ಗೋಡೆ, ನೆಲ. ಒಂದೂ ಬಿಡಲಿಲ್ಲ. "ನಿಂತಿರೋಕೆ ಆಗಲಿಲ್ಲ ಮೇಷ್ಟ್ರೇ. ನಾಳೆ ಬೇರೆ ಕಡೆ ರಕ್ತ ಕಂಡ್ರೆ ಏನಾಗತ್ತೋ ಗೊತ್ತಿಲ್ಲ, ಮಾತು ಕೊಡಲಾರೆ. ಆದ್ರೆ ಈ ಅಜ್ಜನ ಪಟ್ಟಿ ಮತ್ತೆ ಬಿಚ್ಚೋದು ಗುರುವಾರವಂತೆ. ಆ ಹಳದಿ ಅಷ್ಟೊತ್ತಿಗೆ ಕಮ್ಮಿ ಆಗಿರತ್ತೋ ಇಲ್ಲವೋ, ನಾನು ನೋಡಲೇಬೇಕು. ಬರ್ತೀನಿ ಅಂತ ಅಜ್ಜನಿಗೆ ಹೇಳಿಬಿಟ್ಟಿದ್ದೀನಿ."

"ಗುರುವಾರ ನಮ್ಮ ಕ್ಲಾಸಿದೆಯಲ್ಲಮ್ಮ," ಎಂದರು ಮೇಷ್ಟ್ರು.

"ಕ್ಲಾಸು ಸಂಜೆ. ಕಾಲು ಬೆಳಿಗ್ಗೆ."

"ಹಾಗಾದ್ರೆ ಆ ಇನ್ನೊಬ್ಬಳಿಗೆ ಮುಂದಿನ ವರ್ಷ ಅಂತ ಹೇಳ್ತೀನಿ," ಎಂದು ಮೇಷ್ಟ್ರು ಫೋನಿಟ್ಟರು. ಬೌಕ್ಯೆ ಆಗಲೇ ಬೀದಿಯ ತಿರುವಿನಲ್ಲಿದ್ದಳು. ಸೀತ್ಸ್ಕೆ ಅವಸರದಲ್ಲಿ ಬೀಗ ತೆಗೆದು, ಮುಂದಿನ ಮನೆಯಲ್ಲಿ ಏನಿದೆ ಎಂದು ಕೇಳಲು ಅವಳ ಹಿಂದೆ ಸೈಕಲ್ ತುಳಿದಳು.